ಪ್ರಶಸ್ತಿಯ ಮರ, ಸೀಮೆಯ ಮರ: ಮದರಾಸಿನ ಬಯಲು ಪಾಠಗಳ ಚರಿತ್ರೆ

ದಾನಶಾಸನವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದುವವರಿಗೆ ಅದರಲ್ಲಿ ಎರಡು ಬಗೆಯ ಮರಗಳು ಎದುರಾಗುತ್ತವೆ. ಪ್ರಶಸ್ತಿಭಾಗದ ನಾಡವರ್ಣನೆಯಲ್ಲಿ ಬರುವ ಚಂಪಕ, ಅಶೋಕ, ಪುನ್ನಾಗ, ಸಹಕಾರಗಳು ಒಂದು ಬಗೆ. ಇವು ಕವಿಸಮಯದಿಂದ ಬಂದವು. ಆ ಊರಿನ ಮಣ್ಣಿನಲ್ಲಿ ಅವು ಬೇರುಬಿಟ್ಟಿದ್ದವೇ ಎಂಬ ಪ್ರಶ್ನೆ ಶಾಸನಕವಿಯನ್ನು ಕಾಡುವುದಿಲ್ಲ. ದತ್ತಿ ಬಿಟ್ಟ ಭೂಮಿಯ ಎಲ್ಲೆಯನ್ನು ಹೇಳುವ ಭಾಗದಲ್ಲಿ ಬರುವ ಮರಗಳು ಇನ್ನೊಂದು ಬಗೆ. ಮೂಡಲ ದಿಕ್ಕಿಗೆ ಹುಣಿಸೆ, ತೆಂಕಲಿಗೆ ಆಲ, ಕೋಡಿಯ ಬಳಿ ಅತ್ತಿ ಎಂಬಂತಹ ನಿರ್ದೇಶನಗಳು ಅಲ್ಲಿರುತ್ತವೆ. ಆ ಮರ ಅಲ್ಲಿ ನಿಂತಿರಲೇಬೇಕು. ಇಲ್ಲವಾದರೆ ನಾಳೆ ವ್ಯಾಜ್ಯ ಹುಟ್ಟುತ್ತದೆ. ಮೊದಲನೆಯದನ್ನು ಬರೆಯಲು ವ್ಯುತ್ಪತ್ತಿ ಸಾಕು. ಎರಡನೆಯದಕ್ಕೆ ನಡೆದು ನೋಡಿದವರ ಸಾಕ್ಷ್ಯ ಬೇಕು. ಅನುಕೂಲಕ್ಕಾಗಿ ಇವನ್ನು ನಾವು ಪ್ರಶಸ್ತಿಯ ಮರ, ಸೀಮೆಯ ಮರ ಎಂದು ಕರೆಯುತ್ತೇವೆ.

ಮಧ್ಯಕಾಲೀನ ಕಾವ್ಯ ಶಾಸನಗಳ ಅಧ್ಯಯನದಲ್ಲಿ ಬಹುಕಾಲ ತೊಡಗಿದ್ದ ನಮಗೆ ಈ ಭೇದವು ನೆನಪಾದುದು ತೀರ ಬೇರೊಂದು ವಿಷಯವನ್ನು ಪರಿಶೀಲಿಸುತ್ತಿದ್ದಾಗ. ಶಾಲಾಮಕ್ಕಳಿಗೆ ಅವರ ಊರಿನ ಕಾಡು, ಕೆರೆ, ಕಡಲತೀರಗಳಲ್ಲಿಯೇ ನಿಸರ್ಗವನ್ನು ಪರಿಚಯಿಸಿ, ಅದನ್ನು ಕಾಪಾಡುವ ಕೆಲಸವನ್ನು ಕೈಯಾರೆ ಮಾಡಿಸುವ ಶಿಕ್ಷಣಕ್ಕೆ ನಮ್ಮ ದೇಶದಲ್ಲಿ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ಸಾಮಾನ್ಯವಾಗಿ ನೀತಿಪತ್ರಗಳ ಆಧಾರದಿಂದ ಬರೆಯುವುದು ವಾಡಿಕೆ. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿ, ೧೯೯೧ರ ಸರ್ವೋಚ್ಚ ನ್ಯಾಯಾಲಯದ ಆದೇಶ, ಆಮೇಲಿನ ಪಠ್ಯಕ್ರಮಗಳು, ಹೀಗೆ ಆ ಕಥನವು ಸಾಗುತ್ತದೆ. ಇದು ಪ್ರಶಸ್ತಿಭಾಗವನ್ನು ಮಾತ್ರ ಓದಿ ಶಾಸನವನ್ನು ಮುಚ್ಚಿಟ್ಟಂತೆ ಎಂಬುದು ನಮ್ಮ ಅಭಿಪ್ರಾಯ. ನೀತಿಗಳು ಹುಟ್ಟುವ ಮೊದಲೇ ಈ ಶಿಕ್ಷಣವು ಕೆಲವು ನಿರ್ದಿಷ್ಟ ಸ್ಥಳಗಳಲ್ಲಿ ನಡೆದಿತ್ತು. ನೀತಿಗಳು ಬಂದ ಮೇಲೆಯೂ ಅದು ಉಳಿದದ್ದು ಅಂಥ ಸ್ಥಳಗಳಲ್ಲಿಯೇ.

ಪ್ರಸ್ತುತ ಲೇಖನದಲ್ಲಿ ಮದರಾಸನ್ನು, ಎಂದರೆ ೧೯೯೬ರಿಂದ ಚೆನ್ನೈ ಎಂಬ ಹೆಸರನ್ನು ಪಡೆದ ನಗರವನ್ನು, ಉದಾಹರಣೆಯಾಗಿ ಆರಿಸಿಕೊಂಡಿದ್ದೇವೆ. ಒಂದು ಶತಮಾನಕ್ಕೂ ಮಿಗಿಲಾದ ಅವಧಿಯಲ್ಲಿ ಬಯಲು ಪಾಠದ ಪರಂಪರೆಯ ಹೆಜ್ಜೆಗುರುತುಗಳು ಅಲ್ಲಿ ಸಿಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಆ ಪರಂಪರೆಯ ಬಹು ಜೀವಂತವಾದ ದಾಖಲೆಗಳಲ್ಲೊಂದು ಇರುವುದು ಕನ್ನಡದಲ್ಲಿ. ಹೊರನಾಡಿನ ಕನ್ನಡ ಸಂಶೋಧಕರು ಈ ಸಂಗತಿಯನ್ನು ಸಾಕಷ್ಟು ಗಮನಿಸಿಲ್ಲವೆಂದೇ ತೋರುತ್ತದೆ.

ಪರಂಪರೆಯ ಮೊದಲ ಘಟ್ಟದಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗವು ಕಾಣಿಸಿಕೊಳ್ಳುತ್ತದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದು ಮುಂದೆ ಪ್ರಾಂಶುಪಾಲರೂ ಆದ ಪಿ. ಎಫ್. ಫೈಸನ್ ನೀಲಗಿರಿ ಮತ್ತು ಪಳನಿ ಬೆಟ್ಟದ ನೆತ್ತಿಗಳ ಸಸ್ಯಗಳನ್ನು ಕುರಿತು ೧೯೧೫ರಿಂದ ೧೯೨೦ರ ಅವಧಿಯಲ್ಲಿ ಮೂರು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದರು. ಫೈಸನ್ನರು ವಿದ್ಯಾರ್ಥಿಗಳನ್ನು ಆ ಬೆಟ್ಟಗಳಿಗೇ ಕರೆದೊಯ್ಯುತ್ತಿದ್ದರು. ಹೀಗೆ ಅವರೊಡನೆ ನೀಲಗಿರಿ, ಕೊಡೈಕಾನಲ್‌ಗಳನ್ನು ಸುತ್ತಿದ ವಿದ್ಯಾರ್ಥಿಗಳಲ್ಲಿ ಎಂ. ಕೃಷ್ಣನ್ ಒಬ್ಬರು. ತಮಿಳಿನ ಆದ್ಯ ಕಾದಂಬರಿಕಾರರಲ್ಲಿ ಒಬ್ಬರಾದ ಮಾಧವಯ್ಯನವರ ಮಗನಾದ ಕೃಷ್ಣನ್, ಫೈಸನ್ನರ ಪತ್ನಿಯಿಂದ ಜಲವರ್ಣ ಚಿತ್ರಕಲೆಯನ್ನೂ ಕಲಿತರು. ಗಿಡವನ್ನು ಬರೆಯಬೇಕಾದರೆ ಅದನ್ನು ನೋಡಬೇಕು. ನೋಡಬೇಕಾದರೆ ಅದರ ಮುಂದೆ ಕುಳಿತುಕೊಳ್ಳಬೇಕು. ಚಿತ್ರ ಬರೆಯಿಸುವುದೂ ಒಂದು ಬಗೆಯ ಸಸ್ಯಶಾಸ್ತ್ರ ಬೋಧನೆಯೇ ಎಂಬುದನ್ನು ಆ ಕಾಲದ ಅಧ್ಯಾಪಕರು ಚೆನ್ನಾಗಿ ಅರಿತಿದ್ದರು.

ಕೃಷ್ಣನ್ನರ ಮುಂದಿನ ಬದುಕಿಗೆ ಕರ್ನಾಟಕದೊಡನೆ ನೇರವಾದ ಸಂಬಂಧವಿದೆ. ೧೯೪೨ರಲ್ಲಿ ಅವರು ಬಳ್ಳಾರಿಯ ಪಕ್ಕದ ಸಂಡೂರು ಸಂಸ್ಥಾನದ ಸೇವೆಗೆ ಸೇರಿದರು. ಅಲ್ಲಿ ಅವರು ವಹಿಸಿದ ಹುದ್ದೆಗಳು ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬಗೆಯವು: ಶಾಲೆಯ ಉಪಾಧ್ಯಾಯ, ನ್ಯಾಯಾಧೀಶ, ಪ್ರಚಾರಾಧಿಕಾರಿ, ಮಹಾರಾಜರ ರಾಜಕೀಯ ಕಾರ್ಯದರ್ಶಿ. ಬಿಡುವಿನಲ್ಲಿ ಕುರಿ ಮೇಯಿಸಿದರು, ಟಪಾಲು ಒಯ್ಯುವ ಪಾರಿವಾಳಗಳನ್ನು ಸಾಕಿದರು, ಸಂಡೂರಿನ ಗುಡ್ಡಗಳಲ್ಲಿ ಅಲೆದರು. ಸಂಸ್ಥಾನ ವಿಲೀನವಾದ ಮೇಲೆ ಮದರಾಸಿಗೆ ಮರಳಿ, ೧೯೫೦ರಿಂದ ೧೯೯೬ರಲ್ಲಿ ತೀರಿಕೊಳ್ಳುವವರೆಗೂ ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಗೆ ನಿಸರ್ಗದ ಅಂಕಣವನ್ನು ಬರೆದರು. ಸಂಡೂರಿನ ಗಣಿಗಳ ವಿಷಯ ಇಂದು ಎಲ್ಲರಿಗೂ ತಿಳಿದಿದೆ. ಅದೇ ಗುಡ್ಡಗಳಲ್ಲಿ ಎಂಟು ವರ್ಷಗಳ ಕಾಲ ದೇಶದ ಒಬ್ಬ ಶ್ರೇಷ್ಠ ನಿಸರ್ಗವೀಕ್ಷಕ ಓಡಾಡಿದ್ದನೆಂಬ ಸಂಗತಿ ಮಾತ್ರ ಬಳ್ಳಾರಿ ಪ್ರಾಂತದ ಸ್ಥಳೀಯ ಚರಿತ್ರೆಗಳಲ್ಲಿ ವಿರಳವಾಗಿ ಪ್ರಸ್ತಾಪವಾಗುತ್ತದೆ.

ಇದೇ ಕಾಲಕ್ಕೆ ಮದರಾಸು ಪ್ರಾಂತದ ಇನ್ನೊಂದು ತುದಿಯಲ್ಲಿ, ಆಗ ಅದರ ಭಾಗವೇ ಆಗಿದ್ದ ದಕ್ಷಿಣ ಕನ್ನಡದ ಪುತ್ತೂರಿನಲ್ಲಿ, ಶಿವರಾಮ ಕಾರಂತರು ಬಾಲವನದ ಪ್ರಯೋಗವನ್ನು ನಡೆಸಿದ್ದರು. ೧೯೩೬ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಹೊರತಂದ ಕಾರಂತರು, ಪುಸ್ತಕದ ಜೊತೆಗೆ ಮರದ ನೆರಳೂ ಮಕ್ಕಳಿಗೆ ಬೇಕೆಂದು ನಂಬಿದ್ದರು. ೧೯೩೭ರಲ್ಲಿ ವಾರ್ಧಾದಲ್ಲಿ ರೂಪುಗೊಂಡ ಮೂಲಶಿಕ್ಷಣದ ಯೋಜನೆಯೂ ಕೈಕೆಲಸವನ್ನು ಕಲಿಕೆಯ ನಡುವೆ ಇರಿಸಿತು. ಇವೆರಡರ ವಿವರಗಳು ಬೇರೆಡೆ ಸಾಕಷ್ಟು ಚರ್ಚಿತವಾಗಿರುವುದರಿಂದ ಇಲ್ಲಿ ಮುಂದುವರಿಸುವುದಿಲ್ಲ.

ಎರಡನೆಯ ಘಟ್ಟಕ್ಕೆ ಬರೋಣ. ಬಿ. ಜಿ. ಎಲ್. ಸ್ವಾಮಿಯವರು (೧೯೧೮–೧೯೮೦) ೧೯೫೦ರ ದಶಕದಲ್ಲಿ ಅದೇ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಬಂದರು. ಅದಕ್ಕೆ ಮೊದಲು ಅವರು ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿ ಎಂಬ ವಿಜ್ಞಾನಿಯೊಡನೆ ಕೆಲಸ ಮಾಡಿದ್ದರು. ಹೂಬಿಡುವ ಸಸ್ಯಗಳ ಕಾಂಡದಲ್ಲಿ ಸಾಮಾನ್ಯವಾಗಿ ಇರುವ ನೀರ್ನಾಳಗಳು ಇಲ್ಲವೆಂದು ಆಗ ತಿಳಿಯಲಾಗಿದ್ದ ಸಾರ್ಕಾಂಡ್ರ ಎಂಬ ಸಸ್ಯದ ಅಧ್ಯಯನದಿಂದ ಅವರ ಹೆಸರು ಸಸ್ಯಶಾಸ್ತ್ರಜ್ಞರ ವಲಯದಲ್ಲಿ ಪರಿಚಿತವಾಗಿತ್ತು. ಆ ಕುಲದ ಒಂದು ಪ್ರಭೇದಕ್ಕೆ ಅವರು ಬೈಲಿಯವರ ಹೆಸರನ್ನೇ ಇಟ್ಟರು. ಕನ್ನಡಿಗರಾದ ನಮಗೆ ಅವರು ಡಿ. ವಿ. ಗುಂಡಪ್ಪನವರ ಮಗ, ‘ಹಸುರು ಹೊನ್ನು’ವಿನ ಕರ್ತೃ. ೧೯೭೬ರಲ್ಲಿ ಪ್ರಕಟವಾದ ಆ ಕೃತಿಗೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

‘ಹಸುರು ಹೊನ್ನು’ವನ್ನು ನಮ್ಮ ವಿಮರ್ಶೆಯು ವಿಜ್ಞಾನಸಾಹಿತ್ಯವೆಂದು, ವಿನೋದಸಾಹಿತ್ಯವೆಂದು, ಪ್ರವಾಸಕಥನವೆಂದು ಹೊಗಳಿದೆ. ಈ ಮೂರೂ ಸರಿಯೇ. ಆದರೆ ಅದನ್ನು ಶಿಕ್ಷಣಚರಿತ್ರೆಯ ಆಕರವೆಂದು ಬಳಸಿಕೊಂಡವರು ವಿರಳ. ಪುಸ್ತಕದ ಹಂದರವೇ ಒಂದು ಬೋಧನಕ್ರಮ. ಮದರಾಸಿನಿಂದ ವಿದ್ಯಾರ್ಥಿಗಳ ತಂಡವೊಂದು ಅಧ್ಯಾಪಕನೊಡನೆ ಪಶ್ಚಿಮಘಟ್ಟದ ಕಾಡಿಗೆ ಹೊರಡುತ್ತದೆ. ಹುಡುಗರು ಗಿಡವನ್ನು ಕಾಣುತ್ತಾರೆ, ಮುಟ್ಟುತ್ತಾರೆ, ಮೂಸುತ್ತಾರೆ, ಕೆಲವೊಮ್ಮೆ ತಿಂದು ಫಜೀತಿಪಡುತ್ತಾರೆ. ಪ್ರಶ್ನೆ ಹುಟ್ಟುವುದು ಆಮೇಲೆ. ಸ್ಥಳೀಯರು ಆ ಗಿಡಕ್ಕೆ ಹೇಳುವ ಹೆಸರು, ಮಾಡುವ ಬಳಕೆ, ಹೇಳುವ ಕಥೆ ಇವೆಲ್ಲ ಪಾಠದೊಳಗೆ ಸೇರುತ್ತವೆ. ಲ್ಯಾಟಿನ್ ಹೆಸರು ಬರುವುದು ಇವೆಲ್ಲದರ ತರುವಾಯ. ಮಾಹಿತಿಯನ್ನು ಮೊದಲು ಕೊಟ್ಟು, ಉದಾಹರಣೆಯನ್ನು ಆಮೇಲೆ ತೋರಿಸುವ ತರಗತಿಯ ಕ್ರಮ ಇಲ್ಲಿ ತಲೆಕೆಳಗಾಗಿದೆ. ಅಧ್ಯಾಪಕನ ಗಾಂಭೀರ್ಯವನ್ನು ಕಾಡು ಮತ್ತೆ ಮತ್ತೆ ಕಳಚಿಹಾಕುವುದರಿಂದ ಹುಟ್ಟುವ ನಗೆ ಈ ಕ್ರಮದ ಸಹಜ ಫಲ. ಕೊಠಡಿಯೊಳಗಿನ ಗುರುವಿಗೆ ಜಾರಿಬೀಳುವ ಪ್ರಸಂಗವಿಲ್ಲ.

ಸ್ವಾಮಿಯವರದು ಕಾಲೇಜಿನ ಪ್ರವಾಸಗಳು. ಶಾಲೆಯ ಚರಿತ್ರೆಯಲ್ಲಿ ಅವುಗಳಿಗೇನು ಸ್ಥಾನ ಎಂಬ ಆಕ್ಷೇಪಣೆ ಬರಬಹುದು. ಪ್ರೌಢಶಾಲೆಗಳ ವಿಜ್ಞಾನದ ಉಪಾಧ್ಯಾಯರಾದವರು ಇಂಥ ಕಾಲೇಜುಗಳಲ್ಲಿ ಓದಿಯೇ ಬಂದವರು. ಗಿಡವನ್ನು ಗಿಡದ ಬುಡದಲ್ಲಿ ನಿಂತು ಕಲಿಯದ ಉಪಾಧ್ಯಾಯನು ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗಲು ಅಂಜುತ್ತಾನೆ. ಅಲ್ಲಿ ಮಗು ಕೇಳುವ ಮೊದಲ ಪ್ರಶ್ನೆಗೇ ಉತ್ತರ ತಿಳಿಯದೆ ಹೋಗಬಹುದೆಂಬ ಅಂಜಿಕೆ ಅದು. ಆದ್ದರಿಂದ ಶಾಲೆಯ ಬಯಲು ಪಾಠದ ಚರಿತ್ರೆಯನ್ನು ಉಪಾಧ್ಯಾಯನ ತರಬೇತಿಯಿಂದಲೇ ತೊಡಗಬೇಕಾಗುತ್ತದೆ.

ಇದೇ ಸ್ವಾಮಿಯವರು ‘ಶಾಸನಗಳಲ್ಲಿ ಗಿಡಮರಗಳು’ ಎಂಬ ಕೃತಿಯನ್ನೂ ರಚಿಸಿದ್ದಾರೆ. ಲಿಪಿತಜ್ಞರು ಹೆಸರೆಂದು ದಾಟಿಹೋಗುವ ಕಡೆ ಸಸ್ಯಶಾಸ್ತ್ರಜ್ಞನು ನಿಂತು, ಇದು ಯಾವ ಮರ ಎಂದು ಕೇಳಿದ್ದಾನೆ. ನಾವು ಆರಂಭದಲ್ಲಿ ಹೇಳಿದ ಭೇದಕ್ಕೆ ಕಣ್ಣು ತೆರೆಸುವ ಕೃತಿಗಳಲ್ಲಿ ಇದಕ್ಕೆ ವಿಶಿಷ್ಟ ಸ್ಥಾನವಿದೆ. ಕಾಡಿನಲ್ಲಿ ವಿದ್ಯಾರ್ಥಿಗಳೊಡನೆ ಅಲೆದ ಅಭ್ಯಾಸವು ಶಾಸನದ ಓದಿಗೂ ಇಳಿದುಬಂದಿತೆಂದು ಭಾವಿಸಿದರೆ ತಪ್ಪಾಗಲಾರದು.

ಆದರೂ ಫೈಸನ್ನರಿಂದ ಸ್ವಾಮಿಯವರವರೆಗಿನ ಪರಂಪರೆಗೆ ಒಂದು ಮಿತಿಯಿತ್ತು. ಅದು ಕೊಯ್ದು ತರುವ ಪರಂಪರೆ. ತಗಡಿನ ಪೆಟ್ಟಿಗೆಯಲ್ಲಿ ಗಿಡಗಳನ್ನು ತುಂಬಿಕೊಂಡು ಬಂದು, ಕಾಗದಗಳ ನಡುವೆ ಒತ್ತಿ ಒಣಗಿಸಿ, ಹರ್ಬೇರಿಯಂನಲ್ಲಿ ಹಾಳೆಗೆ ಅಂಟಿಸುವುದು ಅದರ ಸಾಧನೆ. ಕಾಡು ಕೊಡುತ್ತಲೇ ಇರುತ್ತದೆ ಎಂಬ ಭರವಸೆ ಅದರ ಹಿಂದಿತ್ತು. ಆ ಕಾಲಕ್ಕೆ ಅದು ಸಹಜವಾದ ಭರವಸೆ. ಜ್ಞಾನದ ದೃಷ್ಟಿಯಿಂದ ಆ ಹಾಳೆಗಳ ಬೆಲೆ ಇಂದಿಗೂ ಕುಗ್ಗಿಲ್ಲ. ಆದರೆ ಕಲಿತವನು ಕಲಿಸಿದ ಸ್ಥಳಕ್ಕೆ ಏನನ್ನು ಹಿಂದಿರುಗಿಸಬೇಕು ಎಂಬ ಪ್ರಶ್ನೆ ಅಲ್ಲಿ ಎದ್ದಿರಲಿಲ್ಲ. ಆ ಪ್ರಶ್ನೆಯನ್ನು ಎತ್ತಿದ್ದು ೧೯೭೦ರ ದಶಕ.

ಆ ವೇಳೆಗೆ ಮದರಾಸಿನ ಸುತ್ತಣ ನಿಸರ್ಗವು ಬಹಳ ಮಟ್ಟಿಗೆ ಕರಗಿತ್ತು. ಗಿಂಡಿಯ ಕಾಡನ್ನು ನೋಡಬಹುದು. ರಾಜಭವನಕ್ಕೆ ಸೇರಿದ್ದ ಈ ಒಣ ನಿತ್ಯಹಸುರಿನ ಕುರುಚಲು ಕಾಡಿನ ಒಂದು ಭಾಗ ೧೯೫೯ರಲ್ಲಿ ಸ್ಥಾಪಿತವಾದ ಐಐಟಿಗೆ ಹೋಯಿತು. ಇನ್ನಷ್ಟು ಭಾಗ ನಾಯಕರ ಸ್ಮಾರಕಗಳಿಗೆ ಹೋಯಿತು. ಉಳಿದ ಸುಮಾರು ೨.೭ ಚದರ ಕಿಲೋಮೀಟರ್ ಪ್ರದೇಶವು ೧೯೭೮ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿತು. ದೇಶದ ಅತ್ಯಂತ ಚಿಕ್ಕ ರಾಷ್ಟ್ರೀಯ ಉದ್ಯಾನಗಳಲ್ಲಿ ಅದೊಂದು. ಅಲ್ಲಿ ಕೃಷ್ಣಮೃಗಗಳಿವೆ, ಚುಕ್ಕೆಜಿಂಕೆಗಳಿವೆ. ಬೇಲಿಯ ಆಚೆಗೆ ಬಸ್ಸುಗಳಿವೆ. ಈ ಕಾಡಿನ ಅಂಚಿನಲ್ಲಿಯೇ ೧೯೭೨ರಲ್ಲಿ ರೊಮುಲಸ್ ವಿಟೇಕರ್ ಅವರ ಹಾವಿನ ಉದ್ಯಾನ ನೆಲೆಗೊಂಡಿತು. ಹಾವನ್ನು ಕಂಡಲ್ಲಿ ಕೊಲ್ಲುವುದನ್ನೇ ಕಂಡು ಬೆಳೆದ ಶಾಲಾಮಕ್ಕಳು ವಿಷವಿರುವ ಹಾವು ಯಾವುದು, ಇಲ್ಲದ್ದು ಯಾವುದು ಎಂಬುದನ್ನು ಜೀವಂತ ಹಾವುಗಳ ಎದುರಿನಲ್ಲಿ ನಿಂತು ತಿಳಿದರು. ಹಾವಿನ ಚರ್ಮಕ್ಕಾಗಿ ಬೇಟೆಯಾಡುತ್ತಿದ್ದ ಇರುಳ ಜನರು ೧೯೭೮ರಲ್ಲಿ ಸ್ಥಾಪಿತವಾದ ತಮ್ಮ ಸಹಕಾರ ಸಂಘದ ಮೂಲಕ ಹಾವನ್ನು ಹಿಡಿದು, ವಿಷ ತೆಗೆದು, ಮರಳಿ ಕಾಡಿಗೆ ಬಿಡುವವರಾದರು. ಹಿಡಿಯುವ ಕೈಯೇ ಬಿಡುವ ಕೈಯಾದುದು ಸಣ್ಣ ಬದಲಾವಣೆಯಲ್ಲ. ಅವರ ಪಾರಂಪರಿಕ ತಿಳಿವಳಿಕೆಗೆ ವಿಜ್ಞಾನದ ಮಾನ್ಯತೆ ದೊರೆತುದಂತೂ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದ ವಿಷಯ.

ಈ ಗುಂಪಿನವರೇ ೧೯೭೦ರ ದಶಕದ ಆದಿಯಲ್ಲಿ ಮದರಾಸಿನ ಕಡಲತೀರದಲ್ಲಿ ರಾತ್ರಿಯ ಹೊತ್ತು ನಡೆದು ಕಡಲಾಮೆಗಳ ಗೂಡುಗಳನ್ನು ಹುಡುಕತೊಡಗಿದ್ದು. ಮುಂದೆ ಸರ್ಕಾರದ ಇಲಾಖೆಗಳೂ ಕೆಲವು ಕಾಲ ಆ ಕೆಲಸವನ್ನು ನಡೆಸಿದವು. ೧೯೮೮ರಲ್ಲಿ ವಿದ್ಯಾರ್ಥಿಗಳೇ ಅದನ್ನು ಕೈಗೆತ್ತಿಕೊಂಡು ‘ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲ’ವನ್ನು ಕಟ್ಟಿದರು. ನಮ್ಮ ದೃಷ್ಟಿಯಲ್ಲಿ ಮದರಾಸಿನ ಬಯಲು ಪಾಠದ ಚರಿತ್ರೆಯಲ್ಲಿ ಇದಕ್ಕಿಂತ ಮಹತ್ವದ ಘಟನೆಯಿಲ್ಲ. ಆದ್ದರಿಂದ ಇದರ ಕಾರ್ಯವಿಧಾನವನ್ನು ತುಸು ವಿವರವಾಗಿ ನೋಡುವುದು ಅವಶ್ಯ.

ಆಲಿವ್ ರಿಡ್ಲಿ ಎಂಬ ಜಾತಿಯ ಹೆಣ್ಣಾಮೆಗಳು ಜನವರಿಯಿಂದ ಏಪ್ರಿಲ್‌ವರೆಗೆ ಮೊಟ್ಟೆಯಿಡಲು ಈ ತೀರಕ್ಕೆ ಬರುತ್ತವೆ. ನೀಲಾಂಗರೈಯಿಂದ ಬೆಸಂಟ್ ನಗರದವರೆಗಿನ ಸುಮಾರು ಏಳು ಕಿಲೋಮೀಟರ್ ಮರಳನ್ನು ವಿದ್ಯಾರ್ಥಿಗಳು ನಡುರಾತ್ರಿಯಲ್ಲಿ ನಡೆಯುತ್ತಾರೆ. ಮೊದಲು ಕಾಣಬೇಕಾದ್ದು ಆಮೆಯ ಜಾಡು. ನೀರಿನಿಂದ ಮೇಲೇರಿದ ಗುರುತು ಯಾವುದು, ಹಿಂದಿರುಗಿದ ಗುರುತು ಯಾವುದು ಎಂಬುದನ್ನು ಮರಳಿನ ಮೇಲೆ ಓದಲು ಬರಬೇಕು. ಎರಡರ ನಡುವೆ ಮರಳು ಕದಡಿದ ಜಾಗದಲ್ಲಿ ಕೋಲನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ; ಗೂಡಿನ ಬಾಯಿಯಿರುವಲ್ಲಿ ಮರಳು ಸಡಿಲವಾಗಿ ಕೋಲು ತಾನಾಗಿ ಇಳಿಯುತ್ತದೆ. ಈ ಒಂದು ಕ್ಷಣದ ಸ್ಪರ್ಶಜ್ಞಾನವನ್ನು ಯಾವ ಪುಸ್ತಕವೂ ಕೊಡಲಾರದು. ಹಿರಿಯ ವಿದ್ಯಾರ್ಥಿಯು ಕಿರಿಯನ ಕೈಗೆ ಕೋಲು ಕೊಟ್ಟು ಕಲಿಸಬೇಕಾದ ವಿದ್ಯೆಯಿದು. ಆಮೇಲೆ ಕೈಯಿಂದಲೇ ಮರಳನ್ನು ತೋಡಿ, ಒಂದೂವರೆ ಅಡಿಯಷ್ಟು ಆಳದಲ್ಲಿರುವ ಸುಮಾರು ನೂರು ಮೊಟ್ಟೆಗಳನ್ನು ಚೀಲಕ್ಕೆ ತುಂಬಿಕೊಳ್ಳುತ್ತಾರೆ. ಮೊಟ್ಟೆಯಿಟ್ಟ ಕೆಲವೇ ಗಂಟೆಗಳಲ್ಲಿ ಈ ಕೆಲಸ ಮುಗಿಯಬೇಕು; ಭ್ರೂಣವು ಚಿಪ್ಪಿನ ಒಳಮೈಗೆ ಅಂಟಿಕೊಂಡ ಮೇಲೆ ಮೊಟ್ಟೆ ಹೊರಳಿದರೆ ಅದು ಸಾಯುತ್ತದೆ. ಹ್ಯಾಚರಿ ಎಂದು ಕರೆಯುವ ಬೇಲಿಯೊಳಗೆ, ತಾಯಾಮೆ ತೋಡಿದ ಹೂಜಿಯಾಕಾರದ ಗುಂಡಿಯನ್ನೇ ಹೋಲುವ ಗುಂಡಿಯನ್ನು ತೋಡಿ ಮೊಟ್ಟೆಗಳನ್ನು ಹೂಳುತ್ತಾರೆ. ನಲವತ್ತೈದರಿಂದ ಅರುವತ್ತು ದಿನಗಳಲ್ಲಿ ಮರಿಗಳು ಮೇಲೆ ಬರುತ್ತವೆ. ಅವನ್ನು ಅಲೆಯ ಅಂಚಿಗೆ ಒಯ್ದು ಬಿಡುತ್ತಾರೆ.

ಮೊಟ್ಟೆಗಳನ್ನು ಇದ್ದಲ್ಲಿಯೇ ಬಿಡಬಾರದೇಕೆ ಎಂದು ಮಕ್ಕಳು ಕೇಳುವುದುಂಟು. ಪ್ರಶ್ನೆ ಸಮಂಜಸವಾಗಿದೆ. ನಾಯಿಗಳು ಗೂಡನ್ನು ಕೆದಕುತ್ತವೆ, ಮನುಷ್ಯರು ಮೊಟ್ಟೆ ಒಯ್ಯುತ್ತಿದ್ದ ಕಾಲವೂ ಇತ್ತು. ಇವುಗಳ ಜೊತೆಗೆ ದೀಪದ ಸಮಸ್ಯೆಯಿದೆ. ಮೊಟ್ಟೆಯೊಡೆದ ಮರಿಯು ಹೆಚ್ಚು ಬೆಳಕಿರುವ ದಿಗಂತದ ಕಡೆಗೆ ಹರಿದುಹೋಗುತ್ತದೆ. ಕತ್ತಲೆಯ ತೀರದಲ್ಲಿ ಆ ಬೆಳಕು ಕಡಲಿನದು. ನಗರದ ತೀರದಲ್ಲಿ ಅದು ಬೀದಿದೀಪದ್ದು. ಮರಿ ರಸ್ತೆಗೆ ಹೋಗಿ ಸಾಯುತ್ತದೆ. ಈ ಒಂದು ಸಂಗತಿ ತಿಳಿದ ಮಗುವಿಗೆ ‘ಪರಿಸರ ಮಾಲಿನ್ಯ’ ಎಂಬ ಶಬ್ದದ ಅರ್ಥ ತನ್ನ ಬೀದಿಯ ಕಂಬದಲ್ಲಿಯೇ ಕಾಣಿಸುತ್ತದೆ. ದೀಪ ಆರಿಸಿರೆಂದು ತೀರದ ನಿವಾಸಿಗಳನ್ನೂ ನಗರಾಡಳಿತವನ್ನೂ ಕೇಳಿಕೊಳ್ಳುವುದು ಈ ವಿದ್ಯಾರ್ಥಿಗಳ ಕೆಲಸದ ಭಾಗವಾಗಿ ಬೆಳೆದುಬಂದಿತು.

ಹ್ಯಾಚರಿಯ ಕ್ರಮವೇ ವಿವಾದಾತೀತವೆಂದು ಹೇಳುವಂತಿಲ್ಲ. ಕಡಲಾಮೆಯ ಮರಿ ಹೆಣ್ಣೋ ಗಂಡೋ ಎಂಬುದು ಗೂಡಿನ ಶಾಖದಿಂದ ನಿರ್ಧಾರವಾಗುತ್ತದೆ. ಶಾಖ ಹೆಚ್ಚಾದರೆ ಹೆಣ್ಣು, ಕಡಿಮೆಯಾದರೆ ಗಂಡು. ಸ್ಥಳಾಂತರಿಸಿದ ಗೂಡಿನ ಶಾಖ ಸಹಜವಾದುದೇ ಎಂಬ ಸಂದೇಹ ವಿಜ್ಞಾನಿಗಳಲ್ಲಿದೆ. ಬಿಟ್ಟ ಮರಿಗಳಲ್ಲಿ ಬಹುಪಾಲು ದೊಡ್ಡವಾಗುವುದಿಲ್ಲ. ಕಡಲಿನೊಳಗೆ ಟ್ರಾಲರ್ ಬಲೆಗಳಲ್ಲಿ ಸಿಕ್ಕಿ ಸಾಯುವ ತಾಯಾಮೆಗಳನ್ನು ಹ್ಯಾಚರಿ ಉಳಿಸಲಾರದು. ೨೦೨೫ರ ಜನವರಿಯಲ್ಲಿ ನೂರಾರು ಸತ್ತ ಆಮೆಗಳು ಚೆನ್ನೈಯ ತೀರಕ್ಕೆ ಬಂದು ಬಿದ್ದುದನ್ನು ಪತ್ರಿಕೆಗಳು ವಿಸ್ತಾರವಾಗಿ ವರದಿ ಮಾಡಿದವು. ಆದರೆ ಶಿಕ್ಷಣದ ದೃಷ್ಟಿಯಿಂದ ನೋಡಿದರೆ, ಈ ಸಂದೇಹಗಳೇ ಆ ಪಾಠದ ಸಾರವತ್ತಾದ ಭಾಗ. ತಾನು ಮಾಡುತ್ತಿರುವ ಒಳ್ಳೆಯ ಕೆಲಸವು ಸಾಕಷ್ಟು ಒಳ್ಳೆಯದೇ ಎಂದು ಹದಿನೈದು ವರ್ಷದ ಹುಡುಗಿಯೊಬ್ಬಳು ನಡುರಾತ್ರಿಯಲ್ಲಿ ಕೇಳಿಕೊಳ್ಳುವಂತೆ ಮಾಡುವ ವಿದ್ಯೆ ನಮ್ಮ ಶಾಲೆಗಳಲ್ಲಿ ಇನ್ನೆಲ್ಲಿದೆ?

ಇನ್ನೊಂದು ಅಂಶವನ್ನು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕು. ಓದು ಮುಗಿಸಿದವರು ಊರು ಬಿಡುತ್ತಾರೆ, ಹೊಸಬರು ಬರುತ್ತಾರೆ. ಸದಸ್ಯರು ನಿರಂತರವಾಗಿ ಬದಲಾಗುವ ಇಂಥ ಗುಂಪು ೧೯೮೮ರಿಂದ ಈವರೆಗೆ ಬಾಳಿಬಂದಿದೆ. ಅದನ್ನು ಹಿಡಿದಿಟ್ಟಿರುವುದು ತೀರ ಮತ್ತು ಲೆಕ್ಕದ ಪುಸ್ತಕ. ಯಾವ ರಾತ್ರಿ, ಯಾವ ಗುರುತಿನ ಬಳಿ, ಎಷ್ಟು ಮೊಟ್ಟೆ, ಎಷ್ಟು ಮರಿ ಎಂಬುದನ್ನು ಋತುವಿನಿಂದ ಋತುವಿಗೆ ಬರೆದಿಡುವ ಈ ಕ್ರಮವನ್ನು ನೋಡಿದಾಗ ನಮಗೆ ಶಾಸನದ ಸೀಮಾನಿರ್ದೇಶನವೇ ನೆನಪಾಗುತ್ತದೆ.

ಈಗ ಪ್ರಶಸ್ತಿಭಾಗಕ್ಕೆ ಬರೋಣ. ಎಂ. ಸಿ. ಮೆಹತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೧ರ ನವೆಂಬರ್ ೨೨ರಂದು ಪರಿಸರವನ್ನು ಶಾಲಾಕಾಲೇಜುಗಳಲ್ಲಿ ಹಂತಹಂತವಾಗಿ ಕಡ್ಡಾಯ ವಿಷಯವನ್ನಾಗಿ ಮಾಡಬೇಕೆಂದು ಆದೇಶಿಸಿತು. ಅದು ಸರಿಯಾಗಿ ಜಾರಿಯಾಗದುದನ್ನು ಕಂಡು ೨೦೦೩ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಗೆ ಪಠ್ಯಕ್ರಮ ರೂಪಿಸಲು ಸೂಚಿಸಿತು. ಈ ನಡುವೆ, ೨೦೦೧ರಲ್ಲಿ,  ಕೇಂದ್ರ ಪರಿಸರ ಸಚಿವಾಲಯದ ಹಸುರು ಪಡೆಯ ಯೋಜನೆಯು ಶಾಲೆಗಳಲ್ಲಿ ಇಕೋ ಕ್ಲಬ್‌ಗಳನ್ನು ತೆರೆಯಿತು. ೨೦೨೦ರ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಚೀಲವಿಲ್ಲದ ಹತ್ತು ದಿನಗಳನ್ನು ವಿಧಿಸಿದೆ. ನ್ಯಾಯಾಲಯದ ಉದ್ದೇಶ ಪ್ರಶ್ನಾತೀತವಾದುದು. ಆ ಆದೇಶವಿಲ್ಲದಿದ್ದರೆ ಎಷ್ಟೋ ರಾಜ್ಯಗಳ ಪಠ್ಯಗಳಲ್ಲಿ ಪರಿಸರದ ಸೊಲ್ಲೇ ಇರುತ್ತಿರಲಿಲ್ಲ. ಆದರೆ ಕಡ್ಡಾಯವಾದುದಕ್ಕೆ ಪರೀಕ್ಷೆ ಬೇಕು, ಪರೀಕ್ಷೆಗೆ ಎಲ್ಲ ಊರಿಗೂ ಹೊಂದುವ ಪ್ರಶ್ನೆ ಬೇಕು, ಎಲ್ಲ ಊರಿಗೂ ಹೊಂದುವ ಪ್ರಶ್ನೆಯಲ್ಲಿ ಯಾವ ಊರಿನ ಕೆರೆಯೂ ಇರಲಾರದು. ಮಹಾಕಾವ್ಯವೆಂದ ಮೇಲೆ ಅಷ್ಟಾದಶವರ್ಣನೆಗಳು ಇರಲೇಬೇಕೆಂಬ ನಿಯಮದಿಂದ ನಮ್ಮ ಸಾಹಿತ್ಯದಲ್ಲಿ ಏನಾಯಿತೆಂಬುದನ್ನು ಬಲ್ಲವರಿಗೆ ಇದು ಹೊಸತಲ್ಲ. ಸಮುದ್ರವನ್ನು ಕಾಣದವನೂ ಸಮುದ್ರವರ್ಣನೆ ಮಾಡಬೇಕಾಯಿತು, ಮಾಡಿದನು, ಚೆನ್ನಾಗಿಯೇ ಮಾಡಿದನು. ಓಜೋನ್ ಪದರದ ಮೇಲೆ ಹತ್ತು ಅಂಕದ ಉತ್ತರ ಬರೆಯುವ ನಮ್ಮ ಮಕ್ಕಳೂ ಚೆನ್ನಾಗಿಯೇ ಬರೆಯುತ್ತಾರೆ.

ಇತರ ನಗರಗಳಲ್ಲಿಯೂ ಸ್ಥಳವೇ ಶಿಕ್ಷಣಕ್ಕೆ ಜನ್ಮಕೊಟ್ಟ ನಿದರ್ಶನಗಳಿವೆ. ದೆಹಲಿಯಲ್ಲಿ ೧೯೭೯ರಲ್ಲಿ ರಿಜ್ ಎಂಬ ಗುಡ್ಡಗಾಡಿನ ಮರಗಳನ್ನು ಉಳಿಸಲು ಶಾಲಾಕಾಲೇಜುಗಳ ವಿದ್ಯಾರ್ಥಿಗಳು ಸೇರಿದಾಗ ‘ಕಲ್ಪವೃಕ್ಷ’ ಹುಟ್ಟಿತು. ಪ್ರತಿಭಟನೆಯ ಜೊತೆಗೇ ನಿಸರ್ಗ ನಡಿಗೆಗಳೂ ನಡೆದವು. ಮುಂಬಯಿಯ ಧಾರಾವಿಯ ಅಂಚಿನಲ್ಲಿ, ಮೀಠಿ ನದಿಯ ದಡದ ಕಸದ ರಾಶಿಯ ಮೇಲೆ ಗಿಡ ನೆಟ್ಟು ಬೆಳೆಸಿದ ಸುಮಾರು ೩೭ ಎಕರೆಯ ಮಹಾರಾಷ್ಟ್ರ ನಿಸರ್ಗ ಉದ್ಯಾನವು ೧೯೯೪ರಲ್ಲಿ ತೆರೆದುಕೊಂಡು ಶಾಲಾಮಕ್ಕಳ ಪಾಠಶಾಲೆಯಾಯಿತು. ಅದೇ ನಗರದಲ್ಲಿ ಸಲೀಂ ಅಲಿಯವರು ೧೯೨೬ರಲ್ಲಿ ವಸ್ತುಸಂಗ್ರಹಾಲಯದ ನಿಸರ್ಗ ವಿಭಾಗದಲ್ಲಿ ಮಾರ್ಗದರ್ಶಿ ಉಪನ್ಯಾಸಕರಾಗಿ ಕೆಲಸಕ್ಕೆ ಸೇರಿ, ಗಾಜಿನ ಪೆಟ್ಟಿಗೆಯೊಳಗಿನ ಹಕ್ಕಿಯನ್ನು ಕುರಿತು ಮಾತಾಡುವುದರಲ್ಲಿ ಬಹುಬೇಗ ಬೇಸತ್ತ ಸಂಗತಿ ಈ ಚರಿತ್ರೆಗೆ ಒಪ್ಪುವ ಅಡಿಟಿಪ್ಪಣಿ.

ಚೆನ್ನೈಯಲ್ಲಿ ಈಚಿನ ಘಟ್ಟವೆಂದರೆ ಅಡಯಾರಿನ ಹಿನ್ನೀರಿನ ಪ್ರದೇಶ. ಕಟ್ಟಡದ ಅವಶೇಷ ಮತ್ತು ಕಸದಿಂದ ಹೂತುಹೋಗಿದ್ದ ೫೮ ಎಕರೆ ಜಾಗವನ್ನು ತೆರವುಗೊಳಿಸಿ, ನೀರು ಹರಿಯುವಂತೆ ಮಾಡಿ, ಸ್ಥಳೀಯ ಜಾತಿಯ ಗಿಡಗಳನ್ನು ನೆಟ್ಟು ೨೦೧೧ರಲ್ಲಿ ತೆರೆಯಲಾಯಿತು. ಶಾಲಾಮಕ್ಕಳು ತಂಡತಂಡವಾಗಿ ಅಲ್ಲಿಗೆ ಬರುತ್ತಾರೆ. ಅದಕ್ಕೆ ಇಟ್ಟ ಹೆಸರು ತೊಲ್ಕಾಪ್ಪಿಯ ಪೂಂಗಾ, ಎಂದರೆ ತೊಲ್ಕಾಪ್ಪಿಯದ ಹೆಸರಿನ ಉದ್ಯಾನ. ಬೆಟ್ಟ, ಕಾಡು, ಗದ್ದೆ, ಕಡಲತೀರ, ಪಾಳುಭೂಮಿ ಎಂದು ನೆಲವನ್ನು ಐದು ತಿಣೈಗಳಾಗಿ ವಿಂಗಡಿಸಿ ಒಂದೊಂದಕ್ಕೂ ಅದರದೇ ಗಿಡ, ಹಕ್ಕಿ, ಕಸುಬು, ಮನೋಭಾವಗಳನ್ನು ಹೊಂದಿಸುವ ಆ ಕಾವ್ಯಮೀಮಾಂಸೆಯ ಹೆಸರು ಜೌಗುಭೂಮಿಗೆ ಸಲ್ಲುವುದು ಉಚಿತವೇ. ನೆಲವನ್ನು ಕಾವ್ಯದ ಆಧಾರವಾಗಿ ಹಿಡಿದ ಇಂಥ ಮೀಮಾಂಸೆ ಕನ್ನಡದಲ್ಲಿ ಬೆಳೆಯಲಿಲ್ಲ. ‘ಕವಿರಾಜಮಾರ್ಗ’ವು ನಾಡಿನ ಎಲ್ಲೆಯನ್ನು ಹೇಳಿದರೂ ಅದರ ಅಲಂಕಾರವಿಚಾರ ದಂಡಿಯ ದಾರಿಯಲ್ಲಿ ನಡೆಯಿತು.

ಹೊರನಾಡಿನ ಕನ್ನಡ ಮಗುವಿನ ಸ್ಥಿತಿಯನ್ನು ಇಲ್ಲಿ ಪ್ರತ್ಯೇಕವಾಗಿ ಪರಿಶೀಲಿಸಬೇಕು. ಕನ್ನಡ ಪುಸ್ತಕದಲ್ಲಿ ಓದಿದ ಹೊಂಗೆಯೂ ಶಾಲೆಯ ಎದುರಿನ ಪುಂಗೈಯೂ ಒಂದೇ ಮರವೆಂದು ಚೆನ್ನೈಯ ಮಗುವಿಗೆ ಯಾರೂ ಹೇಳಿರುವುದಿಲ್ಲ. ಮುಂಬಯಿಯ ಮಗುವಿಗೆ ಅದು ಕರಂಜ. ಹೀಗಾಗಿ ಆ ಮಗುವಿನ ಮಟ್ಟಿಗೆ ಕನ್ನಡದ ಮರಗಳೆಲ್ಲ ಪ್ರಶಸ್ತಿಯ ಮರಗಳಾಗಿಬಿಡುವ ಅಪಾಯವಿದೆ. ಸ್ವಾಮಿಯವರ ಪ್ರವಾಸಗಳಲ್ಲಿ ಇದರ ತಿರುವುಮುರುವು ನಡೆದಿತ್ತು: ಮದರಾಸಿನ ವಿದ್ಯಾರ್ಥಿಗಳು ಮಲೆನಾಡಿನಲ್ಲಿ ನಿಂತು ಗಿಡಗಳ ಕನ್ನಡ ಹೆಸರುಗಳನ್ನು ಕೇಳಿ ತಿಳಿದಿದ್ದರು.

ಅಡಯಾರಿನ ಹಿನ್ನೀರಿನಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಗಿಡಗಳನ್ನೂ ನೆಟ್ಟಿದ್ದಾರೆ. ಈ ವರ್ಗದ ಕೆಲವು ಮರಗಳಲ್ಲಿ ಬೀಜವು ತಾಯಿಮರದ ಮೇಲಿರುವಾಗಲೇ ಮೊಳೆತು, ಉದ್ದನೆಯ ಹಸುರು ಕೋಲಿನಂತಾಗಿ ಕೆಸರಿಗೆ ಬೀಳುತ್ತದೆ. ಅದನ್ನು ಎತ್ತಿ ಕೆಸರಿನಲ್ಲಿ ನೆಟ್ಟಗೆ ಊರುವುದು ಮಗುವಿನ ಕೈಗೂ ಆಗುವ ಕೆಲಸ. ಈ ಗಿಡಗಳಿಗೆ ನಮ್ಮ ಕರಾವಳಿಯ ಹೆಸರು ಕಾಂಡ್ಲಾ. ಸಂಗಂ ಕಾವ್ಯಗಳಲ್ಲಿ ಅದು ಕಂಡಲ್, ಮಲಯಾಳದಲ್ಲಿಯೂ ಕಂಡಲ್, ಮರಾಠಿಯಲ್ಲಿ ಈ ಗಿಡಗಳ ಕಾಡಿಗೆ ಕಾಂದಳವನ. ಮುಂಬಯಿಯ ಮೀಠಿಯಿಂದ ಚೆನ್ನೈಯ ಅಡಯಾರಿನವರೆಗೆ ಕಡಲಂಚಿನ ಜನ ಸ್ವಲ್ಪ ಸ್ವಲ್ಪ ಬೇರೆ ಉಚ್ಚಾರಣೆಯಲ್ಲಿ ಒಂದೇ ಶಬ್ದವನ್ನು ಬಳಸಿಕೊಂಡು ಬಂದಂತೆ ಕಾಣುತ್ತದೆ. ಪಠ್ಯಪುಸ್ತಕಗಳು ಇದನ್ನು ಮ್ಯಾಂಗ್ರೋವ್ ಎಂದು ಬರೆಯುತ್ತವೆ.